ಸಹಾಯ ಬೇಕು: ಬೈಬಲ್‌ನಲ್ಲಿ ‘ಸಹೋದರ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ. ಬೈಬಲ್ ಓದುವಾಗ ‘ಸಹೋದರ’ ಅನ್ನುವ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಕಾಯಿನ, ಹೇಬೆಲ ಒಡಹುಟ್ಟಿದವರು, ಅದು ಸರಿ. ಆದರೆ ಆದಿಕಾಂಡ 14:14ರ ಹೀಬ್ರೂ ಮೂಲದಲ್ಲಿ ಲೋಟನನ್ನೂ ಅಬ್ರಾಮನ ಸಹೋದರ ಅಂತಲೇ ಕರೆದಿದೆ, ಅವನು ಒಡಹುಟ್ಟಿದವನ ಮಗ ಅಲ್ವಾ? ಇನ್ನು ಪೌಲ, ದಾಸನಾಗಿದ್ದ ಒನೇಸಿಮನನ್ನು ಪ್ರಿಯ ಸಹೋದರನಂತೆ ಸೇರಿಸಿಕೋ ಅಂತ ಒನೇಸಿಮನ ಯಜಮಾನ ಫಿಲೆಮೋನನಿಗೆ ಬರೆಯುತ್ತಾನೆ, ಅದನ್ನು ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ನನ್ನ ಪ್ರಶ್ನೆ ಮತ್ತಾಯ 25:40ರದ್ದು. ಹಸಿದವರಿಗೆ ಊಟ ಕೊಟ್ಟವರಿಗೆ, ಈ ನನ್ನ ಸಹೋದರರಲ್ಲಿ ಅತ್ಯಲ್ಪನಾದ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದಂತೆ ಅನ್ನುವ ಮಾತು ಅಲ್ಲಿದೆ. ಇದರಲ್ಲಿ ಯೇಸು ‘ನನ್ನ ಸಹೋದರರು’ ಅನ್ನುವುದು ಶಿಷ್ಯರನ್ನು ಮಾತ್ರವಾ, ಇಲ್ಲ ಹಸಿದವರು ಯಾರೇ ಆದರೂ ಸರಿಯಾ? ತಂದೆಯ ಚಿತ್ತದಂತೆ ನಡೆಯುವವನೇ ಸಹೋದರ ಅನ್ನುವ 12:50 ನೋಡಿದರೆ ಮೊದಲನೆಯದೇ ಅನಿಸುತ್ತದೆ, ಆದರೂ ಒಪ್ಪಲು ಮನಸ್ಸು ಬರುತ್ತಿಲ್ಲ. ಗ್ರೀಕ್ ಬಲ್ಲವರು ಇದ್ದರೆ ‘ಅದೆಲ್ಫೋಸ್’ (ಸಹೋದರ) ಪದವನ್ನು ಮತ್ತಾಯ ಹೇಗೆ ಬಳಸುತ್ತಾನೆ ಅಂತ ಸ್ವಲ್ಪ ಬಿಡಿಸಿ ಹೇಳಿ.