ಹೊಸ ರೌಟರ್ ಮೇಲೆ ಹಾಯುವ ಟ್ರಾಫಿಕ್ ಬೀಳದ ಹಾಗೆ ಮಾಡಿದವರು ಅನುಭವ ಹೇಳಿ

ಕುಶಾಲನಗರದಿಂದ ಪ್ರಶ್ನೆ: ಮಡಿಕೇರಿ–ಕುಶಾಲನಗರ–ಸೋಮವಾರಪೇಟೆ ರಿಂಗ್‌ಗೆ ಇನ್ನೊಂದು ರೌಟರ್ ಸೇರಿಸುತ್ತಿದ್ದೇನೆ. ಒಳಗಿನ ದಾರಿ ಹುಡುಕಲು ಒಎಸ್‌ಪಿಎಫ್, ಮೇಲೆ ಹೊರಗಿನ ಇಂಟರ್‌ನೆಟ್ ರೂಟ್‌ಗಳನ್ನು ನನ್ನ ರೌಟರ್‌ಗಳ ನಡುವೆ ಹಂಚಲು ಐಬಿಜಿಪಿ (ಬಿಜಿಪಿಯ ಒಳಗಿನ ರೂಪ). ಎಂಪಿಎಲ್‌ಎಸ್ (ಪ್ಯಾಕೆಟ್‌ಗೆ ಲೇಬಲ್ ಅಂಟಿಸಿ ಕಳಿಸುವುದು) ಇಲ್ಲ. ಅದು ಎದ್ದ ಕೂಡಲೇ ಟ್ರಾನ್ಸಿಟ್ (ಹಾಯ್ದು ಹೋಗುವ ಟ್ರಾಫಿಕ್) ಎಳೆದುಕೊಳ್ಳಬಾರದು. ಮ್ಯಾಕ್ಸ್-ಮೆಟ್ರಿಕ್ (ತನ್ನ ದಾರಿ ಅತಿ ದುಬಾರಿ ಅಂತ ರೌಟರೇ ಸಾರುವುದು) ಸಾಕಾ? ಐಪಿವಿ6ಗೆ ಒಎಸ್‌ಪಿಎಫ್‌ವಿ3 ಇದೆ.

ಗೋಣಿಕೊಪ್ಪಲಿನವರು: ನಾನು ಕೈ ಸುಟ್ಟುಕೊಂಡಿದ್ದು ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ. ಒಂದೇ ಸಂಜೆ ಐದು ಸಲ ಕರೆಂಟ್ ಹೋಗಿ ಬಂತು. ಪ್ರತಿ ಸಲವೂ ಒಎಸ್‌ಪಿಎಫ್ ನಿಮಿಷದೊಳಗೆ ಎದ್ದಿತು, ಬಿಜಿಪಿಯ ಪೂರ್ತಿ ಟೇಬಲ್ ಬರಲು ಏಳು ನಿಮಿಷ. ಪಕ್ಕದ ರೌಟರ್‌ಗಳು ಹತ್ತಿರದ ದಾರಿ ಅಂತ ಪ್ಯಾಕೆಟ್ ತಳ್ಳುತ್ತಿವೆ, ನನ್ನದರ ಬಳಿ ರೂಟೇ ಇಲ್ಲ. ಎಲ್ಲ ಕಸದ ಬುಟ್ಟಿಗೆ. ಹನ್ನೊಂದು ಹೋಂಸ್ಟೇಗಳಿಗೆ ತಿಂಗಳ ಬಿಲ್ ಬಿಟ್ಟುಕೊಟ್ಟೆ. ಆಮೇಲೆ ಮ್ಯಾಕ್ಸ್-ಮೆಟ್ರಿಕ್ ಆನ್-ಸ್ಟಾರ್ಟಪ್ 300 ಹಾಕಿದೆ, ಅಂದರೆ ಎದ್ದ ಮೇಲೆ 300 ಸೆಕೆಂಡ್ ಮಾತ್ರ. ಐದು ನಿಮಿಷಕ್ಕೆ ಮೆಟ್ರಿಕ್ ಇಳಿಯಿತು, ಬಿಜಿಪಿಗೆ ಇನ್ನೂ ಎರಡು ನಿಮಿಷ ಬೇಕಿತ್ತು. ಮತ್ತೆ ಅದೇ ಕಥೆ. ಈಗ 900 ಇದೆ, ನೆಮ್ಮದಿಯಾಗಿದ್ದೇನೆ.

ವಿರಾಜಪೇಟೆಯವರು: 900 ಅಂತ ಊಹಿಸೋದು ಯಾಕೆ? ಸಿಸ್ಕೊದಲ್ಲಿ ವೇಟ್-ಫಾರ್-ಬಿಜಿಪಿ ಇದೆಯಲ್ಲ. ಬಿಜಿಪಿ ಮುಗಿದ ಮೇಲೆಯೇ ಬಿಡುತ್ತದೆ, ಮುಗಿಯದಿದ್ದರೆ 600 ಸೆಕೆಂಡಿಗೆ. ನಾನು ಒಎಸ್‌ಪಿಎಫ್ ಬಿಟ್ಟು ಅದೇ ಕೆಲಸ ಮಾಡುವ ಐಎಸ್-ಐಎಸ್‌ಗೆ ಹೋದೆ. ಅದರಲ್ಲಿ ಓವರ್‌ಲೋಡ್ ಬಿಟ್ (ನನ್ನ ಮೂಲಕ ಹಾಯಬೇಡಿ ಎಂಬ ಗುರುತು) ಹಾಕಿದರೆ ಟ್ರಾನ್ಸಿಟ್ ಪೂರ್ತಿ ನಿಲ್ಲುತ್ತದೆ. ಮ್ಯಾಕ್ಸ್-ಮೆಟ್ರಿಕ್ ಹಾಕುವ 65535 ಅಂದರೆ ಬರೀ ದುಬಾರಿ ದಾರಿ, ಬೇರೆ ದಾರಿ ಇಲ್ಲದಿದ್ದರೆ ಅದರ ಮೇಲೇ ಬರುತ್ತದೆ.

ಮಡಿಕೇರಿಯವರು: ಆ "ಪೂರ್ತಿ ನಿಲ್ಲುತ್ತದೆ" ನನಗೆ ಎಷ್ಟು ಬಿತ್ತು ಗೊತ್ತಾ? ಕೆಲಸಕ್ಕೆ ಅಂತ ಬಿಟ್ ಕೈಯಾರೆ ಹಾಕಿ ಹತ್ತೊಂಬತ್ತು ದಿನ ಮರೆತೆ. ಸಂಪಾಜೆ ಘಾಟ್‌ನಲ್ಲಿ ಫೈಬರ್ ತುಂಡಾಯಿತು. ಉಳಿದ ಒಂದೇ ದಾರಿ ಆ ರೌಟರ್ ಮೂಲಕ. ಒಂದು ಪ್ಯಾಕೆಟ್ ದಾಟಲಿಲ್ಲ. ಪಿಂಗ್ ಬರುತ್ತಿತ್ತು, ಲಾಗಿನ್ ಆಗುತ್ತಿತ್ತು, ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ಬಾಡಿಗೆ ಜೀಪ್ 2,800 ರೂಪಾಯಿ, ದಾರಿಯಲ್ಲಿ ಮರ ಬಿದ್ದು ಒಂದೂವರೆ ಗಂಟೆ, ಮಳೆಯಲ್ಲಿ ಛತ್ರಿ ಹಿಡಿದು ಸರಿಯಾಗಿದ್ದ ಎರಡು ಜಾಯಿಂಟ್ ಸುಮ್ನೆ ಬಿಚ್ಚಿದೆವು. ನಾಲ್ಕು ಗಂಟೆ ಅರ್ಧ ಊರಿಗೆ ನೆಟ್ ಇಲ್ಲ. ದುಬಾರಿ ದಾರಿಯಾದರೂ ದಾರಿ ಇರಬೇಕು.

ವಿರಾಜಪೇಟೆಯವರು: ಮರೆತದ್ದು ನೀವು. ಬಿಟ್‌ಗೆ ಯಾಕೆ ಬೈಯುತ್ತೀರಿ? ಆನ್-ಸ್ಟಾರ್ಟಪ್ ಹಾಕಿದ್ದರೆ ತಾನೇ ಹೋಗುತ್ತಿತ್ತು.

ಮಡಿಕೇರಿಯವರು: ರಾತ್ರಿ ಎರಡಕ್ಕೆ ಘಾಟ್‌ನಲ್ಲಿ ನಿಂತವನಿಗೆ ಈ ಮಾತು ಹೇಳಬೇಡಿ.

ಸೋಮವಾರಪೇಟೆಯವರು: ನಾನು ಮ್ಯಾಕ್ಸ್-ಮೆಟ್ರಿಕ್ ಬೇಡ ಅಂತ ಒಂದೊಂದೇ ಇಂಟರ್‌ಫೇಸ್‌ಗೆ ಕಾಸ್ಟ್ 65535 ಬರೆದೆ. ನಾಲ್ಕರಲ್ಲಿ ಮೂರಕ್ಕೆ. ನಾಲ್ಕನೆಯದು ಮರೆತುಹೋಯಿತು. ಮೂರು ಕಡೆಯಿಂದ ಒಳಗೆ ಬಂದು ಆ ಒಂದರಿಂದ ಹೊರಗೆ ಹೋಗುತ್ತಿತ್ತು ಎಲ್ಲ. ಕಾಸ್ಟ್ ಲೆಕ್ಕಕ್ಕೆ ಬರೋದು ಹೊರಗೆ ಹೋಗುವ ಕಡೆ, ಅಲ್ವಾ? ಅದು ಹೊಳೆಯಲು ಎರಡು ದಿನ ಬೇಕಾಯಿತು. ಎಲ್ಲಕ್ಕೂ ಒಮ್ಮೆಗೇ ಹಾಕುವ ಮ್ಯಾಕ್ಸ್-ಮೆಟ್ರಿಕ್ ವಿಧಾನ 2001ರ ಆರ್‌ಎಫ್‌ಸಿ (ಇಂಟರ್‌ನೆಟ್ ತಾಂತ್ರಿಕ ದಾಖಲೆ) 3137ರಿಂದ ಇದೆ. 2013ರಲ್ಲಿ 6987 ಅದರ ಜಾಗಕ್ಕೆ ಬಂತು.

ನಾಪೋಕ್ಲಿನವರು: ಪ್ರೋಟೋಕಾಲ್ ಬಿಡಿ, ರೌಟರ್ ರೀಬೂಟ್ ಆಗದಂತೆ ನೋಡಿಕೊಳ್ಳಿ. ಲಿಥಿಯಂ ಬ್ಯಾಟರಿ ಹಾಕಿದ ಮೇಲೆ ನನಗೆ ಈ ತೊಂದರೆಯೇ ಇಲ್ಲ.

ಗೋಣಿಕೊಪ್ಪಲಿನವರು: ಮೂರು ದಿನ ಕರೆಂಟ್ ಇಲ್ಲದಿದ್ದರೆ ಯಾವ ಬ್ಯಾಟರಿ? ಜನರೇಟರ್‌ಗೆ ದಿನಕ್ಕೆ ಇಪ್ಪತ್ತು ಲೀಟರ್ ಡೀಸೆಲ್ ಹೊತ್ತು ಹಾಕಿದವನು ನಾನು.

ನಾಪೋಕ್ಲಿನವರು: ಅಷ್ಟು ಡೀಸೆಲ್ ದುಡ್ಡಲ್ಲಿ ಎರಡು ಬ್ಯಾಟರಿ ಬರುತ್ತಿತ್ತು. ಹೇಳಿದರೆ ಕೋಪ.

ಕುಶಾಲನಗರದವರು: ಒಎಸ್‌ಪಿಎಫ್‌ವಿ3 ಬಗ್ಗೆ ಯಾರೂ ಹೇಳಲಿಲ್ಲ.

ಸೋಮವಾರಪೇಟೆಯವರು: ಅದು ಬೇರೆ ಪ್ರೋಸೆಸ್. ಅಲ್ಲೂ ಬೇರೆಯಾಗಿ ಹಾಕಲೇಬೇಕು, ಇಲ್ಲದಿದ್ದರೆ ಐಪಿವಿ6 ಮಾತ್ರ ಬೀಳುತ್ತದೆ.