ಹಳೇ ನೆಟ್‌ಬುಕ್‌ಗೆ ಲಿನಕ್ಸ್: ಹಾಕಿದ ದಿನ ಎಲ್ಲ ಸರಿ, ಮರುದಿನ ಬೆಳಗ್ಗೆ ಎಲ್ಲ ಹಾಳು

ಅಡ್ಡಕಸುಬಿ

ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೊಳ್ಳದೆ ಓದಿ.

ಹತ್ತು ಇಂಚಿನ ಹಳೇ ನೆಟ್‌ಬುಕ್. ಇಂಟೆಲ್ ಆಟಮ್ ಎನ್270, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಬ್ಯಾಟರಿ ಉಬ್ಬಿಕೊಂಡಿತ್ತು ಅಂತ ಕಿತ್ತು ಹಾಕಿ ನಾಲ್ಕು ವರ್ಷ ಆಯ್ತು. ಅಡಾಪ್ಟರ್ ಚುಚ್ಚಿದರೆ ಮಾತ್ರ ಜೀವ. ಬಿಸಾಕಿ ಹೊಸದು ತಗೊಳ್ಳಿ ಅನ್ನೋರು ದಯವಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ರಾತ್ರಿ ಎಲ್ಲ ಮಲಗಿದ ಮೇಲೆ ನಾನು ಬರೆಯೋದು ಇದರಲ್ಲೇ. ಕೀಲಿಗಳು ಬೆರಳಿಗೆ ಒಗ್ಗಿವೆ. ಬರೆಯೋದು ಬಿಟ್ಟು ಇದರಲ್ಲಿ ಬೇರೆ ಯಾವ ಮೋಜೂ ಸಾಧ್ಯ ಇಲ್ಲ, ನನ್ನಂಥವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮೊದಲು ಡೆಬಿಯನ್ ಅನ್ನೋ ಲಿನಕ್ಸ್‌ನ 13ನೇ ಆವೃತ್ತಿಯ 64 ಬಿಟ್ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲು) ಪೆನ್‌ಡ್ರೈವ್‌ಗೆ ಬರೆದೆ. ಈ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಎಕ್ಸ್86-64 ಸಿಪಿಯು ಬೇಕು, ಇಲ್ಲಿರೋದು ಐ686 ಅಂತ ಒಂದೇ ಸಾಲು ಹೇಳಿ ನಿಂತಿತು. ಎನ್270 ಅಪ್ಪಟ 32 ಬಿಟ್ ಅನ್ನೋದು ಆಗ ಗೊತ್ತಾಯ್ತು. 13ರಲ್ಲಿ 32 ಬಿಟ್‌ಗೆ ಇನ್‌ಸ್ಟಾಲರ್ರೇ ಇಲ್ಲ, ಹಾಗಾಗಿ ಡೆಬಿಯನ್ 12ರ ಐ386 (32 ಬಿಟ್) ನೆಟ್‌ಇನ್‌ಸ್ಟ್, ಅಂದರೆ ಉಳಿದದ್ದನ್ನ ನೆಟ್‌ನಿಂದ ತರಿಸಿಕೊಳ್ಳೋ ಸಣ್ಣ ಐಎಸ್‌ಒ, ಇಳಿಸಿಕೊಂಡೆ. ಬೂಟ್ ಕ್ರಮದಲ್ಲಿ ಯುಎಸ್‌ಬಿ ಮೇಲಿಟ್ಟರೂ ಪೆನ್‌ಡ್ರೈವ್‌ನಿಂದ ಏಳಲಿಲ್ಲ. ಬಯಾಸ್‌ನ (ಯಂತ್ರ ಏಳುವಾಗ ಮೊದಲು ಓಡೋ ತಂತ್ರಾಂಶದ) ಹಾರ್ಡ್ ಡಿಸ್ಕ್ ಪಟ್ಟಿಯೊಳಗೆ ಹೊಕ್ಕರೆ ಪೆನ್‌ಡ್ರೈವ್ ಅಲ್ಲಿ ಎರಡನೇ ಸ್ಥಾನದಲ್ಲಿ ಮುದುರಿ ಕೂತಿತ್ತು. ಮೇಲೆ ತಂದೆ, ಎದ್ದಿತು.

ರೂಟರ್ ಪಕ್ಕದಲ್ಲೇ ನೆಲದ ಮೇಲೆ ಕೂತು, ಕೇಬಲ್ ಹಾಕಿ ಇನ್‌ಸ್ಟಾಲ್ ಮಾಡಿದೆ. ಸಾಫ್ಟ್‌ವೇರ್ ಆರಿಸೋ ಪರದೆಯಲ್ಲಿ ಎಲ್‌ಎಕ್ಸ್‌ಡಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಒಂದಕ್ಕೆ ಗುರುತು ಹಾಕಿದೆ. ಯಂತ್ರ ಹಗುರ ಇರಲಿ ಅಂತ ಕೊನೆಯ ‘ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್’ ಗುರುತು ತೆಗೆದೆ. ಸಂಜೆ ಹೊತ್ತಿಗೆ ಡೆಸ್ಕ್‌ಟಾಪ್ ಬಂತು, ಬ್ರೌಸರ್ ತೆರೆಯಿತು, ಕನ್ನಡ ಒತ್ತಕ್ಷರ ಕೂಡ ಸರಿಯಾಗಿ ಮೂಡಿತು. ಖುಷಿಯಿಂದ ಅಡಾಪ್ಟರ್ ಕಿತ್ತು ಮೇಜಿಗೆ ತಂದಿಟ್ಟು ಮಲಗಿದೆ.

ಬೆಳಗ್ಗೆಯಿಂದ ಶುರು. ವೈಫೈ ಇಲ್ಲ. ಒಳಗಿನ ಚಿಪ್‌ಗಳ ಪಟ್ಟಿ ಕೊಡೋ ಎಲ್‌ಎಸ್‌ಪಿಸಿಐ ಕೇಳಿದರೆ ವೈಫೈ ಚಿಪ್ ಬ್ರಾಡ್‌ಕಾಮ್ ಬಿಸಿಎಂ4312 ಅನ್ನುತ್ತೆ, ಕರ್ನಲ್ ಸಂದೇಶ ತೋರಿಸೋ ಡಿಮೆಸೇಜ್‌ನಲ್ಲಿ ಬಿ43 ಡ್ರೈವರ್‌ನ ಫರ್ಮ್‌ವೇರ್ (ಚಿಪ್ ಒಳಗೆ ಓಡೋ ತಂತ್ರಾಂಶ) ಸಿಗಲಿಲ್ಲ ಅಂತಿದೆ. ಸರಿ, ಅದನ್ನ ತರಿಸೋಣ ಅಂತ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ನೆಟ್ ಹಂಚಿಕೊಂಡೆ. ಪಿಂಗ್ ಹೋಗುತ್ತೆ, ಬರುತ್ತೆ. ಆದರೆ ಪ್ಯಾಕೇಜ್ ತರಿಸೋ ಆಪ್ಟ್‌ಗೆ ಅಪ್‌ಡೇಟ್ ಕೊಟ್ಟರೆ ಸರ್ವರ್‌ನಲ್ಲಿರೋ ರಿಲೀಸ್ ಫೈಲ್ ಇನ್ನೂ ಮಾನ್ಯವಲ್ಲ, ಇನ್ನೂ 487 ದಿನ ಅಮಾನ್ಯ ಅನ್ನುತ್ತೆ. 487 ದಿನ ಕಾಯಬೇಕಾ? ಬ್ರೌಸರ್ ಯಾವ ತಾಣ ತೆರೆದರೂ ಎಚ್ಚರಿಕೆ ಪುಟ. ಏನೋ ಉದ್ದಕ್ಕೆ ಬರೆದಿತ್ತು, ಓದದೆ ಮುಚ್ಚಿದೆ.

ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಎರಡು ಸಲವೂ ಅದೇ ಕಥೆ: ಹಾಕಿದ ದಿನ ಸರಿ, ಬೆಳಗಾದರೆ ಹಾಳು. ಬೇರೆ ಎರಡು ಸಣ್ಣ ತಕರಾರು ಇವೆ: ಬೂಟ್ ಆಗುವಾಗ ಸೂಪರ್‌ಬ್ಲಾಕ್ (ಡಿಸ್ಕ್ ತನ್ನ ಬಗ್ಗೆ ಬರೆದಿಟ್ಟುಕೊಳ್ಳೋ ಭಾಗ) ಕೊನೆಯ ಸಲ ಮೌಂಟ್ ಆದ, ಅಂದರೆ ಬಳಕೆಗೆ ತೆರೆದ, ಸಮಯ ಭವಿಷ್ಯದಲ್ಲಿದೆ ಅಂತ ಒಂದು ಸಾಲು ಮಿಂಚಿ ಮರೆಯಾಗುತ್ತೆ, ವಿಂಡೋ ಎಳೆದರೆ ಕೆಸರಲ್ಲಿ ಎಳೆದ ಹಾಗೆ ತಡವರಿಸುತ್ತೆ. ಇವನ್ನು ಆಮೇಲೆ ನೋಡಿಕೊಳ್ತೀನಿ, ಮೊದಲು ನೆಟ್ ಬರಲಿ.

ಪಪ್ಪಿ ಪುರಾಣ

1 ಜಿಬಿಗೆ ಡೆಬಿಯನ್ ಯಾಕೆ ಸ್ವಾಮಿ? ಪಪ್ಪಿ ಅನ್ನೋ ಪುಟ್ಟ ಲಿನಕ್ಸ್ ಹಾಕಿ, ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತೆ. ಇಲ್ಲಾ ಆಂಟಿಎಕ್ಸ್ 23 ತಗೊಳ್ಳಿ, 32 ಬಿಟ್ ಇದೆ, ಒಳಗಿರೋದು ಡೆಬಿಯನ್ 12ರ ಸಾಮಾನೇ. ನಂದೂ ಎನ್270, ಐಸ್‌ಡಬ್ಲ್ಯೂಎಂ ಅನ್ನೋ ಹಗುರ ವಿಂಡೋ ಮ್ಯಾನೇಜರ್ ಮೇಲೆ ಹಾಯಾಗಿದೆ.

ರೂಟ್ ರಂಗಣ್ಣ

ಡಿಸ್ಟ್ರೋ ಬದಲಾಯಿಸೋದು ಬೇಡ. ಆಪ್ಟ್‌ಗೆ ಚೆಕ್-ವ್ಯಾಲಿಡ್-ಅಂಟಿಲ್ ಫಾಲ್ಸ್ ಅಂತ ಒಂದು ಸಾಲು ಕೊಡಿ, ತಾರೀಖು ನೋಡೋದೇ ಬಿಡುತ್ತೆ. ಎರಡು ನಿಮಿಷದ ಕೆಲಸ.

ತಿರುಪುಳಿ

ಅಡ್ಡಕಸುಬಿಯವರೇ, ನೀವು ಸಣ್ಣದು ಅಂತ ಪಕ್ಕಕ್ಕಿಟ್ಟ ಸಾಲಲ್ಲೇ ಉತ್ತರ ಇದೆ. ಡಿಸ್ಕ್ ಹೇಳ್ತಾ ಇದೆ: ನನ್ನನ್ನ ಕೊನೆಗೆ ಮುಟ್ಟಿದ್ದು ‘ಮುಂದಿನ’ ದಿನಾಂಕದಲ್ಲಿ ಅಂತ. ಡಿಸ್ಕ್ ಸುಳ್ಳು ಹೇಳೋದಿಲ್ಲ, ಯಂತ್ರದ ಗಡಿಯಾರ ಹಿಂದಕ್ಕೆ ಓಡಿಹೋಗಿದೆ. 487 ದಿನ ಅಂದರೆ ಆಪ್ಟ್ ನಿಮ್ಮ ಗಡಿಯಾರ ಎಷ್ಟು ಹಿಂದಿದೆ ಅನ್ನೋದನ್ನೇ ಹೆಚ್ಚುಕಮ್ಮಿ ಲೆಕ್ಕ ಹಾಕಿ ಕೊಟ್ಟಿದೆ. ಬ್ರೌಸರ್‌ದೂ ಅದೇ ರೋಗ: ತಾಣದ ಪ್ರಮಾಣಪತ್ರ ಈ ವರ್ಷದ್ದು, ನಿಮ್ಮ ಯಂತ್ರದ ಪ್ರಕಾರ ಅದಿನ್ನೂ ಹುಟ್ಟೇ ಇಲ್ಲ. ಆ ಎಚ್ಚರಿಕೆ ಪುಟವನ್ನ ಒಂದು ಸಲ ಪೂರ್ತಿ ಓದಿದ್ದರೆ ಗಡಿಯಾರದ ಮಾತು ಅಲ್ಲೇ ಸಿಕ್ಕಿರೋದು.

ಮೂರು ವಿಷಯ ನೋಡಿ ಹೇಳಿ. ಟರ್ಮಿನಲ್‌ನಲ್ಲಿ ಡೇಟ್ ಅಂತ ಹೊಡೆದರೆ ಏನು ಬರುತ್ತೆ? ಬಯಾಸ್ ಒಳಗೆ ಯಾವ ತಾರೀಖಿದೆ? ನೆಟ್‌ನಿಂದ ಸಮಯ ತಂದು ಗಡಿಯಾರ ತಿದ್ದೋ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಅನ್ನೋ ಸೇವೆ ನಡೀತಾ ಇದೆಯಾ?

ರಂಗಣ್ಣ, ನೀವು ಹೇಳಿದ್ದು ಅವಧಿ ಮುಗಿದ ಫೈಲಿಗೆ. ಇಲ್ಲಿ ಅವಧಿ ಶುರುವೇ ಆಗಿಲ್ಲ ಅಂತಿದೆ, ಅದಕ್ಕೆ ಚೆಕ್-ಡೇಟ್ ಅನ್ನೋ ಬೇರೆ ಆಯ್ಕೆ. ಅದನ್ನೂ ಹಾಕಬೇಡಿ. ಜ್ವರ ಬಂದವನ ಥರ್ಮಾಮೀಟರ್ ಒಡೆದ ಹಾಗಾಗುತ್ತೆ.

ಅಡ್ಡಕಸುಬಿ

ಎಲ್‌ಎಕ್ಸ್‌ಡಿಇ ಮೂಲೆಯಲ್ಲಿ ಗಂಟೆ-ನಿಮಿಷ ಮಾತ್ರ ಕಾಣುತ್ತೆ, ತಾರೀಖು ಕಾಣಲ್ಲ. ಗಂಟೆ ತಪ್ಪಿದ್ದು ನೋಡಿದ್ದೆ, ಟೈಮ್‌ಝೋನ್ ತಪ್ಪು ಕೊಟ್ಟಿರಬೇಕು ಅಂದುಕೊಂಡಿದ್ದೆ. ನೀವು ಹೇಳಿದ ಮೇಲೆ ಎರಡು ಸಲ ಆರಿಸಿ ಹಚ್ಚಿ ನೋಡಿದೆ: ಪ್ಲಗ್ ಕಿತ್ತು ಯಾವಾಗ ಹಚ್ಚಿದರೂ ಗಡಿಯಾರ ಅದೇ ಗಂಟೆಯಿಂದ ಶುರುವಾಗುತ್ತೆ!

ಡೇಟ್ ಹೊಡೆದರೆ ಒಂದು ವರ್ಷ ನಾಲ್ಕು ತಿಂಗಳ ಹಿಂದಿನ ತಾರೀಖು. ಬಯಾಸ್‌ನಲ್ಲಿ 2009ರ ಜನವರಿ 1. ಟೈಮ್‌ಸಿಂಕ್‌ಡಿ ಅನ್ನೋ ಹೆಸರಿನ ಯೂನಿಟ್ಟೇ ಇಲ್ಲವಂತೆ.

ಒಂದು ಅರ್ಥ ಆಗಲಿಲ್ಲ. ಬಯಾಸ್ ಒಂದು ಹೇಳುತ್ತೆ, ಲಿನಕ್ಸ್ ಇನ್ನೊಂದು ಹೇಳುತ್ತೆ, ಎರಡೂ ಸುಳ್ಳು. ಸುಳ್ಳಾದರೂ ಒಂದೇ ಆಗಬೇಕಿತ್ತಲ್ಲ? ಮತ್ತೆ ಇನ್‌ಸ್ಟಾಲ್ ಮಾಡಿದ ದಿನ ಹೇಗೆ ಸರಿಯಿತ್ತು?

ತಿರುಪುಳಿ

ಒಳ್ಳೆ ಪ್ರಶ್ನೆ. ಬೂಟ್ ಆಗುವಾಗ ಉಳಿದ ಸೇವೆಗಳನ್ನ ಎಬ್ಬಿಸೋ ಸಿಸ್ಟಮ್‌ಡಿ, ತಾನು ಏಳುವಾಗ ಗಡಿಯಾರ ನೋಡುತ್ತೆ. ತಾನು ಕಂಪೈಲ್ ಆದ (ತಯಾರಾದ) ದಿನಕ್ಕಿಂತ ಹಿಂದಿನ ತಾರೀಖು ಇದ್ದರೆ, ಇದು ಸಾಧ್ಯವೇ ಇಲ್ಲ ಅಂತ ಗಡಿಯಾರವನ್ನ ಆ ದಿನಕ್ಕೆ ತಳ್ಳುತ್ತೆ. ಅದಕ್ಕೇ ಪ್ರತಿ ಸಲ ಅದೇ ಗಂಟೆಯಿಂದ ಶುರು. ಆದರೆ ಡಿಸ್ಕ್ ತಪಾಸಣೆ ಅದಕ್ಕೂ ಮುಂಚೆ ನಡೆಯುತ್ತೆ, ಆಗ ಇನ್ನೂ 2009. ಎರಡು ಸುಳ್ಳು ಹುಟ್ಟಿದ್ದು ಹೀಗೆ. (ಪಪ್ಪಿ ಪುರಾಣದವರ ಮಾತು ಕೇಳಿ ಆಂಟಿಎಕ್ಸ್ ಹಾಕಿದ್ದರೆ ಅದರಲ್ಲಿ ಸಿಸ್ಟಮ್‌ಡಿ ಇಲ್ಲ, 2009 ಅಂತಲೇ ಕಂಡು ಮೊದಲ ದಿನವೇ ಸಿಕ್ಕಿಬೀಳೋದು. ರೋಗ ಮಾತ್ರ ಹಾಗೇ ಇರೋದು.)

ಇನ್‌ಸ್ಟಾಲ್ ದಿನ ಕೇಬಲ್ ಇತ್ತು. ಡೆಬಿಯನ್ ಇನ್‌ಸ್ಟಾಲರ್ ನೆಟ್ ಸಿಕ್ಕಿದ ತಕ್ಷಣ ಎನ್‌ಟಿಪಿ (ಸಮಯ ಹೇಳೋ) ಸರ್ವರ್‌ನಿಂದ ಸಮಯ ಕೇಳಿ ಗಡಿಯಾರ ಸರಿ ಮಾಡುತ್ತೆ. ಪ್ಲಗ್ ಕೀಳುವ ತನಕ ಆ ಸಮಯ ನಡೆಯಿತು. ಸಾಮಾನ್ಯವಾಗಿ ಮುಖ್ಯ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಬಯಾಸ್ ಗಡಿಯಾರಕ್ಕೆ ಅದೇ ಅನ್ನ ಹಾಕುತ್ತೆ. ನಿಮ್ಮಲ್ಲಿ ಆ ಬ್ಯಾಟರಿಯೇ ಇಲ್ಲ. ಒಳಗಿನ ನಾಣ್ಯದ ಸೆಲ್ ಸತ್ತಿದೆ. ಹಾಗಾಗಿ ಅಡಾಪ್ಟರ್ ಕಿತ್ತ ಕ್ಷಣಕ್ಕೆ 2009.

ಇಷ್ಟಾದರೂ ಫೋನ್ ನೆಟ್ ಬಂದ ಕೂಡಲೇ ಟೈಮ್‌ಸಿಂಕ್‌ಡಿ ಗಡಿಯಾರ ತಿದ್ದಿಬಿಡಬೇಕಿತ್ತು. ನೀವು ಗುರುತು ತೆಗೆದ ಆ ‘ಸ್ಟ್ಯಾಂಡರ್ಡ್’ ಕಟ್ಟಿನ ಜೊತೆ ಅದೂ ಹೋಯಿತು. ನಾಲ್ಕು ಎಂಬಿ ಉಳಿಸೋಕೆ ಹೋಗಿ ಎರಡು ಸಲ ಇನ್‌ಸ್ಟಾಲ್ ಮಾಡಿದ್ದೀರಿ, ನಾನು ಏನೂ ಹೇಳಲ್ಲ.

ಈಗ ಮಾಡಬೇಕಾದ್ದು: ಸುಡೊ ಡೇಟ್ ಮೈನಸ್ ಎಸ್ ಕೊಟ್ಟು ಇವತ್ತಿನ ತಾರೀಖು, ಸಮಯ ಕೈಯಾರೆ ಹಾಕಿ. ತಕ್ಷಣ ಆಪ್ಟ್ ಅಪ್‌ಡೇಟ್ ಓಡುತ್ತೆ. ಮೊದಲು ಟೈಮ್‌ಸಿಂಕ್‌ಡಿ ಪ್ಯಾಕೇಜ್ ಹಾಕಿ, ಆಮೇಲೆ ವೈಫೈ. 4312ರ ಫರ್ಮ್‌ವೇರ್ ಹಂಚೋಕೆ ಪರವಾನಗಿ ಇಲ್ಲ, ಅದಕ್ಕೇ ಡೆಬಿಯನ್ ಐಎಸ್‌ಒದಲ್ಲಿ ಇರೋದಿಲ್ಲ. ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಅನ್ನೋ ಪ್ಯಾಕೇಜ್ ನೆಟ್‌ನಿಂದ ಹುಡುಕಿ ತಂದು ಬಿಚ್ಚಿ ಹಾಕುತ್ತೆ. ಅದು ಕಾಂಟ್ರಿಬ್ ವಿಭಾಗದಲ್ಲಿದೆ, ಆಪ್ಟ್ ಎಲ್ಲಿಂದ ತರಬೇಕು ಅಂತ ಹೇಳೋ ಸೋರ್ಸಸ್ ಲಿಸ್ಟ್‌ನಲ್ಲಿ ಮೇನ್ ಪಕ್ಕ ಕಾಂಟ್ರಿಬ್ ಸೇರಿಸೋದು ಮರೀಬೇಡಿ. ಯಾರಾದರೂ ಬ್ರಾಡ್‌ಕಾಮ್-ಎಸ್‌ಟಿಎ ಅನ್ನೋ ಇನ್ನೊಂದು ಡ್ರೈವರ್ ಕೂಡ ಹಾಕಿ ಅಂದರೆ ಕೇಳಬೇಡಿ, ಅದು ಬಿ43ಯನ್ನ ಬ್ಲಾಕ್‌ಲಿಸ್ಟ್ ಮಾಡುತ್ತೆ. ಎರಡರಲ್ಲಿ ಒಂದು.

ಸೆಲ್ ಬದಲಾಯಿಸೋ ಧೈರ್ಯ ಇದ್ದರೆ: ಬಹುಪಾಲು ಸಿಆರ್2032, 3 ವೋಲ್ಟ್. ನೆಟ್‌ಬುಕ್‌ಗಳಲ್ಲಿ ಅದಕ್ಕೆ ಎರಡು ತಂತಿ ಬೆಸೆದು ಪ್ಲಾಸ್ಟಿಕ್ ಸುತ್ತಿ ಮೂಲೆಯಲ್ಲಿ ಅಂಟಿಸಿರ್ತಾರೆ. ತಂತಿ ಸಮೇತ ಇರೋದನ್ನೇ ತನ್ನಿ. ಬರೀ ಸೆಲ್ ಮೇಲೆ ನೀವೇ ಬೆಸುಗೆ ಹಾಕೋಕೆ ಹೋಗಬೇಡಿ, ಬಿಸಿಗೆ ಸಿಡಿಯಬಹುದು. ಕೆಂಪು-ಕಪ್ಪು ತಂತಿ ಕನೆಕ್ಟರ್‌ನ ಯಾವ ಬದಿಗಿದೆ ಅಂತ ಕೀಳೋ ಮೊದಲು ಫೋಟೋ ತೆಗೆದಿಡಿ.

ನಿಧಾನವೇ ಪ್ರಧಾನ

ಕೆಸರಲ್ಲಿ ಎಳೆದ ಹಾಗೆ ಅಂದಿರಲ್ಲ, ಅದು ನನಗೆ ಆಗಿತ್ತು. ಎನ್270 ಜೊತೆ ಸಾಮಾನ್ಯವಾಗಿ ಬರೋದು ಜಿಎಂಎ 950 ಗ್ರಾಫಿಕ್ಸ್. ಕೆಲವು ಯಂತ್ರಗಳಲ್ಲಿ ಡ್ರೈವರ್‌ಗೆ ಇಲ್ಲದ ಟಿವಿ ಕಾಣುತ್ತೆ. ಪರದೆಗಳ ಪಟ್ಟಿ ಕೊಡೋ ಎಕ್ಸ್‌ರಾಂಡರ್ ಕೊಟ್ಟು ನೋಡಿ, ಎಲ್‌ವಿಡಿಎಸ್ (ನೆಟ್‌ಬುಕ್‌ನದೇ ಪರದೆ) ಜೊತೆ ಎಸ್‌ವಿಡಿಯೊ-1 (ಟಿವಿ) ಕೂಡ ‘ಕನೆಕ್ಟೆಡ್’ ಅಂತಿದ್ದರೆ ಇದೇ ಭೂತ. ಬೂಟ್ ಮಾಡಿಸೋ ಗ್ರಬ್‌ನ ಕರ್ನಲ್ ಸಾಲಿಗೆ ‘ವಿಡಿಯೊ=’ ಬರೆದು, ಅದಕ್ಕೆ ಅಂಟಿದ ಹಾಗೆ ಆ ಟಿವಿ ಔಟ್‌ಪುಟ್ ಹೆಸರು, ಒಂದು ಕೋಲನ್, ಒಂದು ಸಣ್ಣ ಡಿ ಸೇರಿಸಿ. ಅಪ್‌ಡೇಟ್-ಗ್ರಬ್ ಮಾಡಿ ರೀಬೂಟ್.

ಇನ್ನೊಂದು. ತೆರೆದಾಗಲೇ ರ‍್ಯಾಮ್ ಕೂಡ 2 ಜಿಬಿ ಮಾಡಿ, ಡಿಡಿಆರ್2, ಈ ಚಿಪ್‌ಸೆಟ್‌ಗೆ ಅದಕ್ಕಿಂತ ಜಾಸ್ತಿ ಆಗಲ್ಲ. ಝಡ್‌ರ‍್ಯಾಮ್ (ಮೆಮೊರಿಯಲ್ಲಿರೋದನ್ನ ಹಿಂಡಿ ಜಾಗ ಉಳಿಸೋದು) ಹಾಕೋದಾದರೆ ಹಿಂಡೋ ವಿಧಾನ ಎಲ್‌ಝಡ್4 ಆರಿಸಿ; ಝಡ್‌ಸ್ಟಾಂಡರ್ಡ್ ಜಾಸ್ತಿ ಹಿಂಡುತ್ತೆ ನಿಜ, ಆದರೆ ಈ ಸಿಪಿಯು ಏದುಸಿರು ಬಿಡುತ್ತೆ. ಬ್ರೌಸರ್ ಮೇಲೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಬಿಟ್ಟಿತು, ಮೊಜಿಲ್ಲಾ ಕಡೆಯಿಂದ ಮಾಮೂಲಿ ಆವೃತ್ತಿಗಳಲ್ಲಿ 2025ರ ಫೈರ್‌ಫಾಕ್ಸ್ 144 ಕೊನೆಯದು. ಡೆಬಿಯನ್ 12ಕ್ಕೆ 2028ರ ಜೂನ್ ತನಕ ಎಲ್‌ಟಿಎಸ್ (ದೀರ್ಘಾವಧಿ ಭದ್ರತಾ ಅಪ್‌ಡೇಟ್) ಇದೆ, ಬರೆಯೋ ಕೆಲಸಕ್ಕೆ ಅಷ್ಟು ದಿನ ಚಿಂತೆ ಇಲ್ಲ.

ಅಡ್ಡಕಸುಬಿ

ಎಂಟು ದಿನ ಆಯ್ತು, ವರದಿ ಒಪ್ಪಿಸ್ತೀನಿ.

ತಾರೀಖು ಕೈಯಾರೆ ಹಾಕಿ ಎಂಟರ್ ಹೊಡೆದೆ, ಆಪ್ಟ್ ಒಂದೇ ಒಂದು ಮಾತಿಲ್ಲದೆ ಓಡಿತು. ನನಗೆ ಸಿಟ್ಟೇ ಬಂತು. ಮೂರು ದಿನ ಜಗಳ ಆಡಿದ್ದು ಇದರ ಜೊತೆಗಾ! ಕಾಂಟ್ರಿಬ್ ಸೇರಿಸಿ ಬಿ43 ಫರ್ಮ್‌ವೇರ್ ಹಾಕಿ ರೀಬೂಟ್ ಮಾಡಿದೆ, ವೈಫೈ ಪಟ್ಟಿಯಲ್ಲಿ ಅಕ್ಕಪಕ್ಕದವರ ಹೆಸರೆಲ್ಲ ಬಂತು.

ಸೆಲ್ ಕೀಬೋರ್ಡ್ ಕೆಳಗಿತ್ತು. ಕೀಬೋರ್ಡ್ ಪಟ್ಟಿ ಕೇಬಲ್‌ನ ಕಂದು ಚಿಲಕ ಮೇಲಕ್ಕೆ ಎತ್ತಬೇಕೋ ಹೊರಕ್ಕೆ ಎಳೆಯಬೇಕೋ ತಿಳಿಯದೆ ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತಿದ್ದೆ. ನಂದು ಎತ್ತುವ ಬಗೆ, ಉಗುರಲ್ಲಿ ಮೆಲ್ಲಗೆ ಮೀಟಿದರೆ ಸಾಕಾಯ್ತು. ಹಳೇ ಸೆಲ್ ಮಲ್ಟಿಮೀಟರ್‌ನಲ್ಲಿ 0.4 ವೋಲ್ಟ್ ತೋರಿಸಿತು. ಹೊಸದು ಹಾಕಿದ ಮೇಲೆ ಎರಡು ರಾತ್ರಿ ಪ್ಲಗ್ ಕಿತ್ತಿಟ್ಟು ನೋಡಿದೆ, ಬೆಳಗ್ಗೆ ಗಂಟೆ ಸರಿ ಇದೆ. ಭವಿಷ್ಯದ ಸಾಲೂ ಹೋಯಿತು. ಎಸ್‌ವಿಡಿಯೊ ಭೂತ ನಿಜಕ್ಕೂ ಇತ್ತು, ಬಿಡಿಸಿದೆ. ವಿಂಡೋ ಈಗ ಕೆಸರಲ್ಲಿಲ್ಲ, ಒದ್ದೆ ಮರಳಲ್ಲಿದೆ. ರ‍್ಯಾಮ್ ಇನ್ನೂ ಸಿಕ್ಕಿಲ್ಲ.

ಹೊಸ ತಲೆನೋವು ಒಂದು. ಗಡಿಯಾರ ಕೆಟ್ಟಿದ್ದಾಗ ನಾಲ್ಕು ರಾತ್ರಿ ಬರೆದಿದ್ದೆ. ಪ್ರತಿ ರಾತ್ರಿಯೂ ಅದೇ ಗಂಟೆಯಿಂದ ಶುರುವಾದ್ದರಿಂದ ನಾಲ್ಕೂ ಫೈಲಿಗೆ ಒಂದೇ ತಾರೀಖು, ಅದೂ ಒಂದು ವರ್ಷ ನಾಲ್ಕು ತಿಂಗಳು ಹಿಂದಿನದು. ಯಾವುದು ಮೊದಲನೇ ರಾತ್ರಿಯದು ಅಂತ ಫೈಲ್ ಮ್ಯಾನೇಜರ್‌ಗೂ ಗೊತ್ತಿಲ್ಲ, ನನಗೂ ಅರ್ಧಂಬರ್ಧ. ಇದನ್ನ ಹೀಗೇ ಬಿಟ್ಟರೆ ಏನಾದರೂ ತೊಂದರೆ ಇದೆಯಾ?

ತಿರುಪುಳಿ

ಇದೆ. ಬ್ಯಾಕಪ್ ಹೇಗೆ ತಗೋತೀರಿ? ಆರ್‌ಸಿಂಕ್ ಮೈನಸ್ ಯು (ಅಲ್ಲಿರೋದು ಹೊಸದಾಗಿದ್ದರೆ ಮುಟ್ಟದೆ ಬಿಡೋ ನಕಲು ಆಜ್ಞೆ) ಆಗಿದ್ದರೆ ಇವತ್ತೇ ಕೈ ತಡೀರಿ. ಪೆನ್‌ಡ್ರೈವ್‌ನಲ್ಲಿ ಅದೇ ಹೆಸರಿನ ಹಳೇ ಕರಡು ಇದ್ದರೆ, ತಾರೀಖಿನ ಪ್ರಕಾರ ಅದೇ ಹೊಸದು ಅಂದುಕೊಂಡು ನೀವು ಮೊನ್ನೆ ಬರೆದದ್ದನ್ನ ನಕಲು ಮಾಡದೆ ದಾಟಿಹೋಗುತ್ತೆ. ತಪ್ಪು ಅಂತ ಹೇಳೋದೂ ಇಲ್ಲ.

ನಾಲ್ಕನ್ನೂ ತೆರೆದು ಓದಿ, ಕ್ರಮ ಗೊತ್ತುಮಾಡಿಕೊಂಡು, ಅದೇ ಕ್ರಮದಲ್ಲಿ ಒಂದೊಂದಕ್ಕೂ ಟಚ್ ಅನ್ನೋ ಆಜ್ಞೆ ಕೊಡಿ. ತಾರೀಖು ಇವತ್ತಿನದಾಗುತ್ತೆ. ಆಮೇಲೆ ಬ್ಯಾಕಪ್.

ಅಡ್ಡಕಸುಬಿ

ಮೈನಸ್ ಯು ಅದೇ. ನಿನ್ನೆ ರಾತ್ರಿ ಓಡಿಸಿ, ಎಲ್ಲ ಸರಿ ಹೋಯ್ತು ಅಂತ ಮಲಗಿದ್ದೆ. ಈಗ ಪೆನ್‌ಡ್ರೈವ್ ಹಾಕಿ ನೋಡಿದರೆ ನಾಲ್ಕರಲ್ಲಿ ಎರಡು ಹಳೇ ಕರಡೇ ಕೂತಿವೆ. ನೆಟ್‌ಬುಕ್‌ನಲ್ಲಿ ಹೊಸವು ಇವೆ, ಬದುಕಿದೆ. ಓದೋಕೆ ಕೂತಿದ್ದೀನಿ, ಎರಡನೇ ರಾತ್ರಿಯದು ಮೂರನೆಯದಕ್ಕಿಂತ ಚೆನ್ನಾಗಿದೆ.