ಹಾಲ್‌ಗೆ 5.1 ಹಾಕಿಸಬೇಕು: 70 ಸಾವಿರದಲ್ಲಿ ರಿಸೀವರ್‌ಗೆಷ್ಟು, ಸ್ಪೀಕರ್‌ಗೆಷ್ಟು?

ಪ್ರಶ್ನೆ

ನಮಸ್ಕಾರ. 5.1 ಅಂದರೆ ಐದು ಸ್ಪೀಕರ್, ಕೆಳದನಿಗೆ ಒಂದು ಸಬ್‌ವೂಫರ್, ಇವನ್ನ ನಡೆಸೋಕೆ ರಿಸೀವರ್ ಅನ್ನೋ ಆಂಪ್ಲಿಫೈಯರ್ ಪೆಟ್ಟಿಗೆ. ಅಪಾರ್ಟ್‌ಮೆಂಟ್ ಹಾಲ್, 11 ಅಡಿ ಅಗಲ, 14 ಅಡಿ ಉದ್ದ. ಟೀವಿಯಿಂದ ಸೋಫಾಗೆ 9 ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಪಕ್ಕ ಬಾಲ್ಕನಿಯ ಗಾಜಿನ ಬಾಗಿಲು. ನೋಡೋದು ಓಟಿಟಿ ಸಿನಿಮಾ, ಕ್ರಿಕೆಟ್, ಪೆನ್‌ಡ್ರೈವ್‌ನಲ್ಲಿರೋ ಹಳೇ ಸಿನಿಮಾ. ಟೀವಿಯಲ್ಲಿ ಮಾತು ಕೇಳಲ್ಲ ಅಂತ ವಾಲ್ಯೂಮ್ ಏರಿಸಿದರೆ ಫೈಟ್ ಬಂದಾಗ ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಸದ್ದು. ಅಂಗಡಿಯವರು "1000 ವಾಟ್" ಸೆಟ್ ತೋರಿಸ್ತಿದ್ದಾರೆ. ಅದೇ ಸಾಕಾ, ಬಿಡಿಬಿಡಿಯಾಗಿ ತಗೊಳ್ಳಲಾ? ಅಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ಬರಿಸೋ ಡಾಲ್ಬಿ ತಂತ್ರ) ಬೇಕಾ? ಅಮೆರಿಕದಿಂದ ಭಾವ ಬರ್ತಿದ್ದಾರೆ, ರಿಸೀವರ್ ಅವರ ಕೈಲೇ ತರಿಸಬಹುದಾ?

ಉತ್ತರ 1

ಭಾವನವರ ಕೈಲಿ ರಿಸೀವರ್ ಬೇಡ ಸರ್. ಅಲ್ಲಿಯದು 120 ವೋಲ್ಟ್‌ದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತೆ. ಸಬ್‌ವೂಫರ್ ಒಳಗೂ ಆಂಪ್ಲಿಫೈಯರ್ ಇರೋದರಿಂದ ಅದಕ್ಕೂ ಇದೇ ಮಾತು.

"1000 ವಾಟ್" ಅನ್ನೋದು ಒಂದೇ ಚಾನೆಲ್‌ಗೆ (ಒಂದು ಸ್ಪೀಕರ್‌ಗೆ), 1 ಕಿಲೋಹರ್ಟ್ಸ್‌ನಲ್ಲಿ, 10% ಡಿಸ್ಟಾರ್ಷನ್‌ವರೆಗೆ (ಸದ್ದು ಕೆಡುವಷ್ಟು) ಹಿಂಡಿ ತೆಗೆದು ಕೂಡಿಸಿದ ಲೆಕ್ಕ ಆಗಿರುತ್ತೆ. ಸ್ಪೆಕ್‌ನಲ್ಲಿ "20 ಹರ್ಟ್ಸ್–20 ಕಿಲೋಹರ್ಟ್ಸ್, ಎರಡು ಚಾನೆಲ್" ಅಂತ ಇರೋ ಸಾಲು ಹುಡುಕಿ. ಯಮಹಾ ಆರ್‌ಎಕ್ಸ್-ವಿ385ಕ್ಕೆ ಆ ಲೆಕ್ಕದಲ್ಲಿ 6 ಓಮ್‌ಗೆ 70 ವಾಟ್. ನಿಮ್ಮ ಹಾಲ್‌ಗೆ ಬೇಕಾದಷ್ಟಾಯ್ತು: 88 ಡಿಬಿ ಸೆನ್ಸಿಟಿವಿಟಿಯ ಸ್ಪೀಕರ್ 1 ವಾಟ್‌ನಲ್ಲಿ ಒಂದು ಮೀಟರ್ ದೂರಕ್ಕೆ 88 ಡಿಬಿ ಕೊಡುತ್ತೆ, 9 ಅಡಿಗೆ ಸುಮಾರು 80 ಉಳಿಯುತ್ತೆ, 10 ವಾಟ್ ಕೊಟ್ಟರೆ 90. ಅಷ್ಟಕ್ಕೇ ಕಿವಿ ತುಂಬುತ್ತೆ. ಅಲ್ಲಿಂದ ಮುಂದೆ ಪ್ರತಿ 3 ಡಿಬಿಗೆ ವಾಟ್ ದುಪ್ಪಟ್ಟಾಗಬೇಕು.

ಹಂಚಿಕೆ: ರಿಸೀವರ್‌ಗೆ 28, ಮುಂದಿನ ಮೂರು ಸ್ಪೀಕರ್‌ಗೆ (ಎಡ, ಬಲ, ನಡುವಿನ ಸೆಂಟರ್) 23, ಆಂಪ್ಲಿಫೈಯರ್ ಇರೋ 10 ಇಂಚಿನ ಸಬ್‌ಗೆ 17, ವೈರ್‌ಗೆ 2 ಸಾವಿರ. ಸರೌಂಡ್ ಜೋಡಿ (ಸೋಫಾ ಪಕ್ಕದ ಎರಡು ಸ್ಪೀಕರ್) ಮುಂದಿನ ಬೋನಸ್ ಬಂದಾಗ ಇರಲಿ. ಐದೂ ಸಾಧಾರಣ ಸ್ಪೀಕರ್ ಒಟ್ಟಿಗೆ ತರೋದಕ್ಕಿಂತ ಮೂರು ಒಳ್ಳೇದು ತಂದರೆ ಮಾತು ಸ್ಪಷ್ಟವಾಗುತ್ತೆ. ಅಟ್ಮಾಸ್ ಈ ಬಜೆಟ್‌ಗೆ ಬಿಡಿ. ಡೆನಾನ್ ಎವಿಆರ್-ಎಕ್ಸ್250ಬಿಟಿ ಕೂಡ ನೋಡಬಹುದು, ಆದರೆ ಅದರಲ್ಲಿ ಮೈಕ್ ಇಟ್ಟು ಕೋಣೆ ಅಳೆಯೋ ಸೌಲಭ್ಯ ಇಲ್ಲ, ಯಮಹಾದಲ್ಲಿ ಇದೆ.

ಉತ್ತರ 2

ಮೇಲಿನವರ ಮಾತಿಗೆ ಒಂದು ತಕರಾರು. ಸೋಫಾ ಮಧ್ಯದಲ್ಲಿ ಕೂರೋದು ಒಬ್ಬರೋ ಇಬ್ಬರೋ ಆದರೆ ಸೆಂಟರ್ ಸ್ಪೀಕರ್ ಈಗಲೇ ಬೇಡ. ಆ ದುಡ್ಡನ್ನೂ ಮುಂದಿನ ಜೋಡಿಗೇ ಸುರಿಯಿರಿ, ರಿಸೀವರ್‌ನಲ್ಲಿ ಸೆಂಟರ್ "ನನ್" (None, ಅಂದರೆ ಇಲ್ಲ) ಅಂತ ಇಟ್ಟರೆ ಮಾತು ಎರಡೂ ಸ್ಪೀಕರ್‌ಗೆ ಹಂಚಿಕೊಂಡು ಟೀವಿಯ ನಡುವಿನಿಂದಲೇ ಬಂದಂತೆ ಕೇಳುತ್ತೆ. ಅಗ್ಗದ ಸೆಂಟರ್‌ಗಳಲ್ಲಿ ಟ್ವೀಟರ್‌ನ (ಮೇಲುದನಿಯ ಪುಟ್ಟ ಸ್ಪೀಕರ್) ಅಕ್ಕಪಕ್ಕ ಎರಡು ವೂಫರ್ (ದೊಡ್ಡ ಸ್ಪೀಕರ್) ಅಡ್ಡಡ್ಡ ಕೂತಿರುತ್ತೆ. ಸೋಫಾ ಅಂಚಿನಲ್ಲಿ ಕೂತವರಿಗೆ ಆ ಎರಡರ ಸದ್ದು ಹಿಂದುಮುಂದಾಗಿ ತಲುಪಿ, ಮಾತಿನ ಪಟ್ಟಿಯಲ್ಲೇ ಒಂದನ್ನೊಂದು ತಿಂದುಹಾಕುತ್ತೆ. ಮನೆಮಂದಿಯೆಲ್ಲ ಸಾಲಾಗಿ ಕೂರೋದಾದರೆ ಮಾತ್ರ ಸೆಂಟರ್ ತಗೊಳ್ಳಿ, ಮುಂದಿನ ಜೋಡಿಯ ಸರಣಿಯದ್ದೇ ಆಗಿರಲಿ, ಟ್ವೀಟರ್ ಕಿವಿಯ ಕಡೆ ವಾಲಿರಲಿ.

ಟೈಲ್ಸ್, ಗಾಜು ಎರಡೂ ಮಾತಿನ ಶತ್ರು. ಸೋಫಾ ಮುಂದೆ ದಪ್ಪ ಜಮಖಾನ ಹಾಸಿ, ಗಾಜಿಗೆ ನೆರಿಗೆ ಬಿಟ್ಟ ದಪ್ಪ ಪರದೆ ಹಾಕಿ. ಐದು ಸಾವಿರ ಹೆಚ್ಚಿನ ರಿಸೀವರ್ ಕೊಡದ ವ್ಯತ್ಯಾಸ ಇದು ಕೊಡುತ್ತೆ.

ಉತ್ತರ 3

ಜೋಡಿಸುವಾಗ ಎಡವೋ ಜಾಗಗಳು ಇವು.

ಟೀವಿಯ ಎಆರ್‌ಸಿ (ಟೀವಿಯ ಸದ್ದನ್ನ ರಿಸೀವರ್‌ಗೆ ಕಳಿಸೋದು) ಅಂತ ಬರೆದಿರೋ ಎಚ್‌ಡಿಎಂಐ ತೂತಿಗೇ ಕೇಬಲ್ ಹಾಕಿ, ಸಿಇಸಿ (ಟೀವಿ, ರಿಸೀವರ್ ಒಂದಕ್ಕೊಂದು ಆದೇಶ ಕೊಡೋ ಸೌಲಭ್ಯ) ಆನ್ ಮಾಡಿ. ಆಡಿಯೋ ಔಟ್‌ಪುಟ್ "ಪಿಸಿಎಂ" ಅಂತ ಇದ್ದರೆ ಎರಡೇ ಚಾನೆಲ್ ಬರುತ್ತೆ, ಬಿಟ್‌ಸ್ಟ್ರೀಮ್‌ಗೆ (ಸದ್ದನ್ನ ಇದ್ದ ಹಾಗೇ ಕಳಿಸೋ ಆಯ್ಕೆ) ಬದಲಿಸಿ. ಸ್ಯಾಮ್‌ಸಂಗ್ 2018ರಿಂದ ಟೀವಿಗಳಲ್ಲಿ ಡಿಟಿಎಸ್ (ಕೆಲವು ಸಿನಿಮಾ ಫೈಲ್‌ಗಳ ಸದ್ದಿನ ನಮೂನೆ) ಕೈಬಿಟ್ಟಿದೆ, ಹಾಗಾಗಿ ಪೆನ್‌ಡ್ರೈವ್ ಸಿನಿಮಾದಲ್ಲಿ ಚಿತ್ರ ಬಂದು ಸದ್ದು ಬರದಿದ್ದರೆ ರಿಸೀವರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ವೈರು 1.5 ಚದರ ಮಿಮೀ, ಶುದ್ಧ ತಾಮ್ರದ್ದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ತುದಿ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಾಣುತ್ತೆ. ಒಂದು ಎಳೆ ಆಚೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತೆ.

ಮೈಕ್ ಅಳತೆ ಮಾಡುವಾಗ ಫ್ಯಾನ್ ಆಫ್. ಮೈಕ್ ಸೋಫಾ ಕುಶನ್ ಮೇಲಲ್ಲ, ಕಿವಿಯ ಎತ್ತರಕ್ಕೆ ಟ್ರೈಪಾಡ್ ಮೇಲೆ. ಮುಗಿದ ಮೇಲೆ ಸ್ಪೀಕರ್ "ಲಾರ್ಜ್" ಅಂತ ಬಂದಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗೋ ಗಡಿ) 80 ಹರ್ಟ್ಸ್, 4 ಇಂಚಿನ ವೂಫರ್ ಆದರೆ 100. ಫೈಟ್ ಸದ್ದಿನ ಕಾಟಕ್ಕೆ ಡೈನಾಮಿಕ್ ರೇಂಜ್ ತಗ್ಗಿಸೋ ಆಯ್ಕೆ ಇರುತ್ತೆ, ರಾತ್ರಿ ಅದನ್ನ ಹಾಕಿ. ಸೆಂಟರ್ ಇದ್ದರೆ ಅದರ ಲೆವೆಲ್ 2 ಡಿಬಿ ಏರಿಸಿ.

ಸಬ್ ಗುಂಯ್‌ಗುಟ್ಟಿದರೆ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆ ಅರ್ತ್ ಆಗಿ ಬರೋ ಗುಂಯ್ ಸದ್ದು). ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ. ಅರ್ತ್ ಪಿನ್ ಮುರಿಯೋ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಪ್ರಶ್ನೆ ಕೇಳಿದವರು

ನಾಲ್ಕು ಜನ ಕೂರ್ತೀವಿ, ಸೆಂಟರ್ ತಗೊಳ್ತೀನಿ. ಟೀವಿ ಯೂನಿಟ್‌ನ ಗೂಡು 8 ಇಂಚು ಎತ್ತರ, ಮುಂದೆ ಗಾಜಿನ ಬಾಗಿಲಿದೆ. ರಿಸೀವರ್ ಅದರೊಳಗೆ ಇಡಬಹುದಾ?

ಉತ್ತರ 1

ಬಾಗಿಲು ಮುಚ್ಚಿ ಇಟ್ಟರೆ ಬಿಸಿಯೇರಿ ಅರ್ಧ ಸಿನಿಮಾಕ್ಕೆ ಆಫ್ ಆಗುತ್ತೆ. ಈ ವರ್ಗದ ರಿಸೀವರ್‌ಗಳೇ ಸುಮಾರು 6 ಇಂಚು ಎತ್ತರ, ಮೇಲೆ ಉಳಿಯೋದು ಎರಡೇ ಇಂಚು. ಯೂನಿಟ್ ಮೇಲೆ ಇಡಿ, ಗೂಡಿಗೆ ಸೆಟ್‌ಟಾಪ್ ಬಾಕ್ಸ್ ಹೋಗಲಿ.